ತಿರುಮಲೇಶನ ಈಶಮ್ಮ

ಮಾರ್ಚ್ 4, 2017, ಶನಿವಾರ

ಶೂಟಿಂಗ್ ರೇಂಜಿನಿಂದ ಬಂದು ರೈಫಲ್ಲಿನ ಬ್ಯಾರೆಲ್ ಒರೆಸಿದ್ದಾಯಿತು. ಬಟ್ಟೆ ಒಗೆಯುವ ಕೋಣೆ ತುಂಬ ಎಣ್ಣೆ ವಾಸನೆ. ಬಾಗಿಲಲ್ಲಿ ಡೊರೊಥಿಯ ಮೂಗು.

"ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಕಾಲಿಗೆ ಒಮ್ಮೆ ಎಣ್ಣೆ ಹಚ್ಚಿದ್ದುಂಟಾ ನೀವು?"

"ನಿನಗೆ ತುಕ್ಕು ಹಿಡೀಲಿ, ಹಚ್ಚುವ ಮಾರಾಯ್ತಿ."

ಒದ್ದೆ ಬಟ್ಟೆ ಎಸೆದಳು. ಗುರಿ ತಪ್ಪಲಿಲ್ಲ. ಈ ಮನೆಯ ನಿಜವಾದ ಶೂಟರ್ ಅವಳೇ.

ನನ್ನದು 1943ರ .303 ರೈಫಲ್. ಇಲ್ಲೇ, ಈ ದೇಶದ ಲಿತ್ಗೋ ಬಂದೂಕು ಕಾರ್ಖಾನೆಯಲ್ಲಿ ಹುಟ್ಟಿದ್ದು. ಹಾಗಾಗಿ ಹೆಸರು ಲಿತ್‌ಗೌಡ. ಗೆಳೆಯ ತಿರುಮಲೇಶನದು ಬಂಗಾಳದ ಈಶಾಪುರ ಕಾರ್ಖಾನೆಯದ್ದು. ನಮ್ಮ ಸೈನ್ಯಕ್ಕೆ ಬೇಡವಾಗಿ ಹಡಗು ಹತ್ತಿ ಇಲ್ಲಿಗೆ ಬಂದವಳು — ಈಶಮ್ಮ. "ನಂದೂ ಇವಳದ್ದೂ ಒಂದೇ ಕಥೆ ಕಣೋ, ಇಬ್ರೂ ಸರ್ಪ್ಲಸ್" ಅನ್ನುತ್ತಾನೆ. ಮೈಸೂರಿನವನು, ರಿಟೈರಾದ ಸಿವಿಲ್ ಎಂಜಿನಿಯರ್. ಕನ್ನಡ ಸಂಘದ ಪಿಕ್‌ನಿಕ್ಕಿನಲ್ಲಿ ಇಡ್ಲಿ ಕ್ಯೂನಲ್ಲಿ ಸಿಕ್ಕಿದ್ದ. ಇಬ್ಬರಿಗೂ ಕಾಲೇಜಿನಲ್ಲಿ ಎನ್‌ಸಿಸಿ. ಇಬ್ಬರ ಭುಜಕ್ಕೂ ಅದೇ .303 ಒದ್ದಿತ್ತು. ಅಂದಿನಿಂದ ನಾವು ಬಂಧುಗಳಲ್ಲ, ಬಂದೂಕುಗಳು.

ಈಶಮ್ಮನ ಭುಜಕ್ಕೆ ಒತ್ತುವ ಮರದ ಹಿಂಭಾಗದಲ್ಲಿ ಯಾವನೋ ಸಿಪಾಯಿ ಚಾಕುವಿನಲ್ಲಿ ಕೆತ್ತಿದ ನವಿಲು. ಕೊಕ್ಕು ಮುಗಿದಿಲ್ಲ. ಪಾಪ, ಅಷ್ಟರಲ್ಲಿ ವಿಷಲ್ ಊದಿರಬೇಕು. ತಿರುಮಲೇಶ ಅದನ್ನು ಹೆಬ್ಬೆರಳಲ್ಲಿ ಸವರಿದ ಮೇಲೆಯೇ ಕೆನ್ನೆ ಇಡುವುದು. ಹೊಸ ರೈಫಲ್ ಎಷ್ಟೇ ನಯವಿರಲಿ, ಇಂಥ ನವಿಲು ಎಲ್ಲಿಂದ ತರುತ್ತದೆ!

ಮಾರ್ಚ್ 18

ಡಮ್ಮಿ ಆಟ ಮತ್ತೆ ಆಡಿದೆ. ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಒಂದು ಖಾಲಿ ತೋಟಾ ತೂರಿಸುವುದು. ಟ್ರಿಗರ್ ಎಳೆದರೆ ಬರೀ ಕ್ಲಿಕ್. ಸದ್ದಿಗೆ ಹೆದರಿ ಮೊದಲೇ ಬೆಚ್ಚುವವನು ಸಿಕ್ಕಿಬೀಳುತ್ತಾನೆ. ಕಲಿಸಲು ಮಾಡಿದ ಉಪಾಯ. ನಾನು ಕಲಿಸುವವನಲ್ಲ, ಕೀಟಲೆಯವನು.

ತಿರುಮಲೇಶ ಇಡೀ ಮೈ ಜಗ್ಗಿದ. ಗುಂಡೇ ಇಲ್ಲ!

"ಥೂ ನಿನ್ನ! ಬೆನ್ನು ಹಿಡ್ಕೊಂತಲ್ಲೋ!"

"ಗುಂಡಿಲ್ಲದೆಯೇ ಇಷ್ಟು ಕುಣಿತ. ಗುಂಡು ಹಾಕಿದ್ರೆ ಎಂಥ ಕುಣೀತಿ ಮಾರಾಯ?"

ನಗುತ್ತ, ತೋಟಾ ಹೊರಹಾಕುವ ಬೋಲ್ಟ್ ಎಳೆದು ಡಮ್ಮಿಯನ್ನು ನನ್ನ ಹೊಟ್ಟೆಗೆ ಎಸೆದ. ರೇಂಜ್ ಆಫೀಸರ್ ಬಂದು ಬೈದ. ಕ್ಲಿಕ್ ಅಂದರೆ ಬೋಲ್ಟ್ ಮುಟ್ಟಬಾರದು, ನಳಿಗೆ ಟಾರ್ಗೆಟ್ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಬೇಕು. ಹಳೇ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ಶಾಲೆ ಹುಡುಗರ ಹಾಗೆ ತಲೆ ತಗ್ಗಿಸಿದೆವು. ಅವನ ಬೆನ್ನು ತಿರುಗಿದ ಕೂಡಲೇ ಮತ್ತೆ ನಗು.

ಏಪ್ರಿಲ್ 1, ಬೆಳಿಗ್ಗೆ

ಇವತ್ತು ನನ್ನ ಹಬ್ಬ. ಎಲ್ಲರೂ ನನ್ನನ್ನೇ ಅನುಮಾನಿಸುತ್ತಾರೆ. ಅದಕ್ಕೇ ಏನೂ ಮಾಡುವುದಿಲ್ಲ. ದಿನವಿಡೀ ಕಾದು ಕಾದು ಸುಸ್ತಾಗಲಿ. ಅದೇ ಈ ವರ್ಷದ ಜೋಕು.

ಏಪ್ರಿಲ್ 3

ಬರೆಯಬೇಕು.

ಶನಿವಾರ ರೇಂಜಿನಲ್ಲಿ ತಿರುಮಲೇಶ ಟ್ರಿಗರ್ ಎಳೆದ, ಕ್ಲಿಕ್ ಅಂದಿತು. ನನ್ನ ಡಮ್ಮಿ ಅಲ್ಲ. ಹಳೇ ತೋಟಾ, ಹೊತ್ತಿಕೊಳ್ಳಲಿಲ್ಲ ಅಷ್ಟೇ. ಅವನು ನನ್ನ ಕಡೆ ತಿರುಗಿದ. "ಬಂತಪ್ಪಾ ನಿನ್ನ ಮೂರ್ಖರ ದಿನದ ಆಟ!" ಅಂದ. ನಗುತ್ತಿದ್ದ. ಬೇಡ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬೋಲ್ಟ್ ಎಳೆದ. ಎಳೆಯುವಾಗಲೇ ಸಿಡಿಯಿತು.

ಕನ್ನಡಕ ಕಣ್ಣು ಉಳಿಸಿತು. ಕೈ ಉಳಿಸುವವರು ಯಾರು?

ವೆಸ್ಟ್‌ಮೀಡ್ ಆಸ್ಪತ್ರೆ. ಬಲಗೈಯ ತೋರುಬೆರಳು ಅರ್ಧ ಇಲ್ಲ. ಮಧ್ಯದ್ದು ಮಡಚುವುದಿಲ್ಲವಂತೆ. ಕಾರಿಡಾರಿನಲ್ಲಿ ಅವನ ಹೆಂಡತಿ ಗಿರಿಜಾ ನನಗೇ ಸಮಾಧಾನ ಹೇಳಿದಳು — "ಟೀ ಕುಡೀರಿ ಲ್ಯಾನ್ಸಿ ಅವ್ರೇ, ಆಗಿಂದ ನಿಂತೇ ಇದೀರಲ್ಲ?"

ಏಪ್ರಿಲ್ 19

ಕ್ಲಬ್ಬಿನವರು ವಿಚಾರಿಸಿದರು. ತಿರುಮಲೇಶ ಹೇಳಿದ್ದು ಒಂದೇ ಮಾತು — ಐ ಫರ್ಗಾಟ್ ದ ರೂಲ್. ಮೂವತ್ತು ವರ್ಷ ಸೇತುವೆ ಕಟ್ಟಿಸಿದವನು. ಸಾರಿಗೆ ಉಪ್ಪನ್ನೂ ಅಳೆದು ಹಾಕುವವನು. ಮರೆತನಂತೆ!

ಆ ದಿನ ಬೋಲ್ಟ್ ಎಳೆಯುವ ಮೊದಲು ಅವನು ನಗುತ್ತ ಅಂದದ್ದು ಸಾಲಿನಲ್ಲಿದ್ದ ಎಲ್ಲರಿಗೂ ಕೇಳಿತ್ತು. ಕನ್ನಡದಲ್ಲಿತ್ತು. ಅರ್ಥವಾದದ್ದು ನನಗೊಬ್ಬನಿಗೆ.

ನಾನೂ ಬಾಯಿ ಬಿಡಲಿಲ್ಲ. ಜೀವಮಾನವಿಡೀ ಮುಚ್ಚದ ಬಾಯಿ.

ಮೇ 27

ತಿರುಮಲೇಶ, ಗಿರಿಜಾ ಮೆಲ್ಬೋರ್ನಿಗೆ ಹೊರಟರು, ಮಗಳು ನಿಕಿತಾಳ ಹತ್ತಿರ. ಗಿರಿಜಾ ಮನೆಯೊಳಗೆ ರೈಫಲ್ ಬೇಡವೇ ಬೇಡ ಅಂದಿದ್ದಾಳೆ. ರಿಪೇರಿ ಮಾಡಿಸಿ ಈಶಮ್ಮನನ್ನು ನನ್ನ ಹೆಸರಿಗೆ ಬರೆಸಿದ್ದಾಯಿತು.

"ಇಟ್ಕೊಂಡಿರೋ," ಅಂದ. ಎಡಗೈಯಿಂದ ನವಿಲು ಸವರಿದ. "ತಿಂಗಳಿಗೊಂದ್ಸಲ ಹೊರಗೆ ಕರ್ಕೊಂಡು ಹೋಗು. ಮೂಲೇಲಿ ಕೂರಿಸ್ಬೇಡ."

"ಡೊರೊಥಿಗೆ ಹೊಟ್ಟೆಕಿಚ್ಚಾಗ್ತದೆ."

ನಗಲಿಲ್ಲ. ತಲೆ ಆಡಿಸಿ ಕಾರು ಹತ್ತಿದ. ಕೇಳಬೇಕಾದ ಕ್ಷಮೆ ಕೇಳದೆ ಕೈ ಬೀಸಿದೆ.

ಸೆಪ್ಟೆಂಬರ್ 14

ಬಂದೂಕಿನ ಸೇಫ್ ತೆರೆದರೆ ಲಿತ್‌ಗೌಡನ ಪಕ್ಕ ಈಶಮ್ಮ. ತೆರೆಯುವುದನ್ನೇ ಬಿಟ್ಟೆ. ರೇಂಜಿಗೆ ಒಂದು ಸಲವೂ ಹೋಗಿಲ್ಲ.

ಈಗ ಸರಕಾರದ ಅಮ್ನೆಸ್ಟಿ. ಬೇಡದ ಬಂದೂಕು ತಂದುಕೊಡಿ, ಪ್ರಶ್ನೆ ಇಲ್ಲ ಅಂತ.

"ಅದು ಅವರದ್ದಲ್ವಾ? ಒಂದು ಫೋನ್ ಮಾಡಿ ಕೇಳಿ." ಡೊರೊಥಿ.

"ಆ ಕೈಯಲ್ಲಿ ಅವನು ಇನ್ನು ಎಂಥ ಶೂಟ್ ಮಾಡೋದು?"

ಕೇಳಲಿಲ್ಲ. ಫೋನ್ ಮಾಡಿದರೆ ಏಪ್ರಿಲ್ ಮಾತು ಬರುತ್ತದೆ. ಈಶಮ್ಮನನ್ನು ಪೊಲೀಸ್ ಸ್ಟೇಷನ್ನಿಗೆ ಒಯ್ದು ಕೊಟ್ಟುಬಿಟ್ಟೆ. ಕೌಂಟರಿನ ಹುಡುಗಿ ಮರ ಸವರಿ, ಚಂದದ ಹಕ್ಕಿ, ನಿಜವಾಗಿಯೂ ಕೊಡುತ್ತೀರಾ, ಇವನ್ನೆಲ್ಲ ಕತ್ತರಿಸಿಹಾಕುತ್ತಾರೆ ಅಂದಳು. ಹೂಂ ಅಂದೆ.

ಬರುವಾಗ ಹಗುರ ಅನಿಸಿತು. ದಾರಿಯ ಬ್ಲ್ಯಾಕ್‌ಟೌನ್ ದಾಟುವವರೆಗೆ ಮಾತ್ರ.

ಡಿಸೆಂಬರ್ 2

ತಿರುಮಲೇಶನ ಫೋನ್. ದನಿಯಲ್ಲಿ ಹಳೇ ಉಮೇದು.

"ಲ್ಯಾನ್ಸಿ! ಎಡಗೈಲಿ ಶುರು ಮಾಡಿದೀನಿ ಕಣೋ! ಇಲ್ಲೊಂದು ಕ್ಲಬ್ ಸಿಕ್ತು. ಕೋಚ್ ಅಜ್ಜಿ, ಎಂಬತ್ತಾಗಿದೆ, ನನ್ನನ್ನ ಯಂಗ್ ಮ್ಯಾನ್ ಅಂತಾಳೆ. ಗಿರಿಜಾನೂ ಒಪ್ಪಿದಾಳೆ. ಲೈಸೆನ್ಸ್ ಬಂತು. ಈಶಮ್ಮನ್ನ ಇಲ್ಲಿನ ಬಂದೂಕು ಡೀಲರ್‌ಗೆ ಕಳಿಸ್ಕೊಡೋ."

ಹೇಳಿದೆ. ಸುತ್ತು ಹೊಡೆಯದೆ ಹೇಳಿದೆ. "ಅವಳಿಲ್ಲ ಮಾರಾಯ. ಪೊಲೀಸರಿಗೆ ಕೊಟ್ಟೆ. ತುಂಡು ಮಾಡಿದ್ದಾರೆ."

ಆಮೇಲೆ ನಗು. ಕೆಮ್ಮು ಬರುವಷ್ಟು ನಗು. ಏಪ್ರಿಲ್ ನಂತರ ಅವನು ನಕ್ಕದ್ದು ಕೇಳಿದ್ದು ಇದೇ ಮೊದಲು.

"ಅಯ್ಯೋ ಪಾಪಿ! ಆರು ತಿಂಗಳಿಂದ ನಿನ್ನ ಬಾಯಿಂದ ಒಂದು ಜೋಕಿಲ್ಲ, ಇವನು ಸತ್ತೇಹೋದ ಅಂದ್ಕೊಂಡಿದ್ದೆ. ಗಿರಿಜಾ, ಕೇಳೇ ಇಲ್ಲಿ!"

"ಇಲ್ಲ ಮಾರಾಯ, ನಿಜ—"

"ಹೂಂ ಹೂಂ, ನಿಜ! ನವಿಲಿನ ಸಾರು ಮಾಡ್ಕೊಂಡು ತಿಂದ್ಯಾ? ಇಡ್ತೀನಿ, ಬೇಗ ಕಳ್ಸು."

ಮತ್ತೆ ಫೋನ್ ಮಾಡಿದೆ. ಮತ್ತೂ ಜೋರಾಗಿ ನಕ್ಕ. ಓರೆಕೋರೆ ಮಾತಾಡಿಯೇ ಬದುಕಿದವನು ನಾನು. ನೇರ ಮಾತಾಡಿದರೆ ನಂಬುವವರಿಲ್ಲ.

ಡಿಸೆಂಬರ್ 9, ಮೆಲ್ಬೋರ್ನ್

ಮುಖ ನೋಡಿದರೆ ನಂಬುತ್ತಾನೆ ಅಂತ ಬಂದೆ. ಟಾರ್ನೀಟ್‌ನಲ್ಲಿ ನಿಕಿತಾಳ ಮನೆ. ಗಿರಿಜಾ ಚಿತ್ರಾನ್ನ ಮಾಡಿದ್ದಾಳೆ. ತಿರುಮಲೇಶ ಚಪ್ಪಲಿಯನ್ನೂ ಕಳಚಗೊಡದೆ ಗ್ಯಾರೇಜಿಗೆ ಎಳೆದೊಯ್ದ. ಹೊಸ ಸೇಫ್. ಒಳಗೆ ಹಸಿರು ಬಟ್ಟೆ ಹಾಸಿದ್ದಾನೆ. ಎಡಗೈಯಲ್ಲಿ ಅಂಟಿಸಿದ್ದು, ಒಂದು ಕಡೆ ಸೊಟ್ಟ.

"ಹೆಂಗಿದೆ ಅಮ್ಮಣ್ಣಿ ಕೋಣೆ? ಡೀಲರ್ ಹತ್ರ ಬಿಟ್ಟು ಬಂದ್ಯಾ?"

"ತಿರುಮಲೇಶ, ಅವಳಿಲ್ಲ."

"ಸಾಕು ನಿಲ್ಸೋ. ಒಂದೇ ಜೋಕನ್ನ ಎಷ್ಟು ಸಲ ಬಿಸಿ ಮಾಡ್ತೀಯಾ?"

ಅವನೇ ನಗುತ್ತ ನಗುತ್ತ ನನ್ನ ಮುಖ ನೋಡಿದ. ನಗು ಒಮ್ಮೆಗೇ ಹೋಗಲಿಲ್ಲ. ತುಟಿಯಲ್ಲೇ ಸ್ವಲ್ಪ ಹೊತ್ತು ನಿಂತಿತ್ತು. ಸೇಫಿನ ಬಾಗಿಲು ಹಿಡಿದುಕೊಂಡ.

"ಲ್ಯಾನ್ಸಿ," ಅಂದ. "ಒಂದ್ಸಲ ನಗೋ."

ನಗಲು ನೋಡಿದೆ. ದೇವರಾಣೆ, ನೋಡಿದೆ. ಆದರೆ ನನ್ನ ಮುಖ ನಗಲಿಲ್ಲ, ಅವನು ಖಾಲಿ ಸೇಫಿನ ಬಾಗಿಲು ಮೆಲ್ಲಗೆ ಮುಚ್ಚಿದ.