ಮೈಕಿನಲ್ಲಿ ಕೂಗಿದ ಹೆಸರು

ಮದ್ದೂರು
14–6–2025, ಶನಿವಾರ

ಪ್ರೀತಿಯ ಅವ್ವಾ,

ನಿನ್ನ ಮಗ ಜಯಪ್ರಕಾಶ ಕಾಲು ಮುಟ್ಟಿ ಬರೆಯುವುದು. ನಿನ್ನ ಮಂಡಿನೋವು ಹೇಗಿದೆ? ಅಳಿಯಂದಿರ ಬ್ಲಫ್ ಪವರ್‌ಹೌಸ್ ಕ್ವಾರ್ಟರ್ಸಿನಲ್ಲಿ ನೀರು ತಣ್ಣಗಿರುತ್ತದೆ, ಬೆಳಗ್ಗೆ ಬಿಸಿನೀರು ಕಾಯಿಸಿಕೊಳ್ಳದೆ ಕಾಲು ತೊಳೆಯಬೇಡ. ತಂಗಿ ರಂಜಿತ ಸರಿಯಾಗಿ ಊಟ ಮಾಡುತ್ತಾಳೋ, ಬಾಣಂತಿ ಖಾರ ಕಂಡರೆ ಮೂತಿ ತಿರುಗಿಸುತ್ತಾಳೋ? ಕೂಸಿಗೆ ನನ್ನ ಮೂಗು ಬಂದಿದೆ ಎಂದೆಯಂತೆ. ಪಾಪ, ಅದು ನಿನಗೇನು ಮಾಡಿತ್ತು! ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಹಸು ಮಾತ್ರ ಶ್ವೇತಳಿಗೆ ಹಾಲು ಕೊಡದೆ ಸತಾಯಿಸುತ್ತಿತ್ತು. ಕೊನೆಗೆ ಅವಳು ನಿನ್ನ ಹಳೆಯ ಸೀರೆ ಉಟ್ಟುಕೊಂಡು ಕರೆಯಲು ಕೂತಳು. ಆ ಮುದಿ ಕಳ್ಳಿ ಸೀರೆ ಮೂಸಿ ನೋಡಿ, ನೀನೇ ಎಂದುಕೊಂಡು ಸುಮ್ಮನೆ ನಿಂತಿತು. ಹೆಂಡತಿ ಈಗ ದಿನಾ ಎರಡು ಹೊತ್ತು ಅತ್ತೆಯ ವೇಷ ಹಾಕುತ್ತಾಳೆ.

ಫೋನ್ ಇರುವಾಗ ಇವನಿಗೆ ಕಾಗದ ಬರೆಯುವ ರೋಗ ಯಾಕೆ ಬಂತು ಎನ್ನುತ್ತೀಯ. ಅವ್ವಾ, ಫೋನಿನಲ್ಲಿ ಹೇಳಿದ್ದು ನಿನಗೊಬ್ಬಳಿಗೆ ಬಿಟ್ಟು ಕ್ವಾರ್ಟರ್ಸಿಗೆಲ್ಲ ಕೇಳಿಸುತ್ತದೆ. ಸ್ಪೀಕರ್ ಹಾಕಿಕೊಂಡು ‘ಆಂ? ಏನಂದೆ?’ ಎಂದು ಕೂಗುತ್ತೀಯ. ಇದು ಕೂಗಿ ಹೇಳುವ ವಿಷಯವಲ್ಲ. ಕೂಗಿ ಹೇಳಿದ್ದರಿಂದಲೇ ಇಷ್ಟೆಲ್ಲ ಆಗಿರುವುದು. ಅದಕ್ಕೇ ಅಂಚೆಗೂ ಹಾಕದೆ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು, ರಂಜಿತಳ ಕೈಲಿ ಓದಿಸಬೇಡ.

ಸನ್ಮಾನದ ಫೋಟೋ ಎಲ್ಲಿ ಎಂದು ಕೇಳುತ್ತಲೇ ಇದ್ದೀಯ. ಆಂಬ್ಯುಲೆನ್ಸ್ ಓಡಿಸುವವರನ್ನು ನಮ್ಮ ಸಂಸ್ಥೆಯಲ್ಲಿ ಪೈಲಟ್ ಎನ್ನುತ್ತಾರೆ ಎಂದು ಹೇಳಿದ್ದೇ ತಪ್ಪಾಯಿತು, ಬೆಟ್ಟಮ್ಮನ ಮಗ ಪೈಲಟ್ಟು ಎಂದು ಅಲ್ಲಿಯೂ ಸಾರಿಕೊಂಡು ಬಂದಿದ್ದೀಯಂತೆ. ಪೇಟ ಇಟ್ಟುಕೊಂಡ ಪೈಲಟ್ಟಿನ ಫೋಟೋ ತೋರಿಸಬೇಕು ಎಂಬ ಆಸೆ ನಿನಗೆ. ಕಳಿಸುವುದಿಲ್ಲ. ಫೋನಿನಿಂದಲೂ ಅಳಿಸಿ ಹಾಕಿದ್ದೇನೆ. ಯಾಕೆ ಎಂದು ಕೇಳು.

ಹೋದ ಭಾನುವಾರ ಮಂಡ್ಯದ ಒಂದು ಕಲ್ಯಾಣ ಮಂಟಪದಲ್ಲಿ ಕಾರ್ಯಕ್ರಮ. ಅತ್ಯುತ್ತಮ ತುರ್ತು ಸೇವಾ ಸಿಬ್ಬಂದಿ ಎಂದು ನನ್ನನ್ನೂ ಚಿತ್ರಾಳನ್ನೂ ಆರಿಸಿದ್ದರು. ಯುಗಾದಿಗೆ ಮನೆಗೆ ಬಂದಾಗ ಸಾಕು ಸಾಕು ಎಂದರೂ ಒಬ್ಬಟ್ಟು ಬಡಿಸಿದೆಯಲ್ಲ, ಗಾಡಿಯ ಹಿಂದೆ ಕೂತು ರೋಗಿಯನ್ನು ನೋಡಿಕೊಳ್ಳುವವಳು, ಅವಳೇ ಚಿತ್ರಾ. ಗಾಡಿ ತೊಳೆದು ತನ್ನಿ ಎಂದು ಹುಕುಂ ಆಗಿತ್ತು. ತಂದರೆ, ಆಯುಧಪೂಜೆಗೆ ಲಾರಿ ಸಿಂಗರಿಸಿದ ಹಾಗೆ ಎರಡೂ ಕಡೆ ಬಾಳೆಕಂದು ಕಟ್ಟಿ, ಮುಂದಿನ ಗಾಜು ಮುಚ್ಚುವಂತೆ ಚೆಂಡುಹೂವಿನ ಹಾರ ಇಳಿಬಿಟ್ಟರು. ಕರೆ ಬಂದರೆ ದಾರಿ ಕಾಣಬೇಡವೇ ಎಂದು ಕೇಳಿದೆ. ‘ಇವತ್ತು ನಿಮ್ಮ ಗಾಡಿಗೆ ಕರೆ ಹಾಕಲ್ಲ ಬಿಡ್ರೀ, ಮದ್ದೂರಿಗೆ ಬೇಕಾದ್ರೆ ಪಾಂಡವಪುರದ ಗಾಡಿ ಹೋಗುತ್ತೆ’ ಎಂದರು ನಮ್ಮ ಮೇಲಧಿಕಾರಿ ಕೃಷ್ಣಪ್ರಸಾದ್. ನೋಡವ್ವಾ, ಮದ್ದೂರಿನಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ ಅವರು ಅಷ್ಟು ದೂರದ ಪಾಂಡವಪುರದಿಂದ ಗಾಡಿ ಬರುವವರೆಗೆ ಉಸಿರು ಬಿಗಿಹಿಡಿದುಕೊಂಡಿರಬೇಕು, ಯಾಕೆಂದರೆ ಮದ್ದೂರಿನ ಗಾಡಿಗೆ ಸನ್ಮಾನ. ಅಲ್ಲಿಂದಲೇ ನನಗೆ ಹೇಸಿಗೆ ಶುರುವಾಯಿತು. ಬೆಳಗಿನ ತಿಂಡಿ ಹೊತ್ತಿಗೆ ಬರಬೇಕಾದ ಮುಖ್ಯ ಅತಿಥಿ ಮಧ್ಯಾಹ್ನದ ಊಟದ ವಾಸನೆ ಹಿಡಿದು ಬಂದರು. ಊಟದ ಖರ್ಚು, ಶಾಮಿಯಾನದ ಖರ್ಚು ಗೆಜ್ಜಲಗೆರೆ ಕಡೆಯ ಒಂದು ಗಾರ್ಮೆಂಟ್ಸಿನವರದು. ವೇದಿಕೆಯ ಮೇಲೆ ಅವರ ಹೆಸರು ಮಾರುದ್ದ, ನಮ್ಮ ಸೇವೆಯ ಹೆಸರು ಗೇಣುದ್ದ. ಕುರ್ಚಿ ತುಂಬಲಿ ಎಂದು ರಜೆಯ ದಿನವೂ ಕೆಲಸದ ಹೆಣ್ಣುಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು ಕೂರಿಸಿದ್ದರು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಶಿವರಾತ್ರಿ ಕಳೆದ ಮೇಲೆ ಒಂದು ದಿನ ನಾನು ಮುದ್ದೆ ಮುರಿಯದೆ ಎದ್ದು ಹೋದೆನಲ್ಲ, ಏನಾಯ್ತು ಎಂದು ನೀನು ಎಷ್ಟು ಕೇಳಿದರೂ ಹೇಳಲಿಲ್ಲ. ಅವತ್ತು ಗೆಜ್ಜಲಗೆರೆ ಹತ್ತಿರದ ಬಾಡಿಗೆ ರೂಮಿನಿಂದ ಒಬ್ಬ ಹುಡುಗಿಯನ್ನು ಎತ್ತಿಕೊಂಡು ಬಂದಿದ್ದೆವು. ಅದೇ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳು, ಮಳವಳ್ಳಿ ಕಡೆಯ ಹಳ್ಳಿಯವಳು, ನಮ್ಮ ರಂಜಿತಳ ವಯಸ್ಸು. ವಿಷ ಕುಡಿದಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ದಾರಿಯುದ್ದಕ್ಕೂ ಚಿತ್ರಾ ಅವಳ ಕೆನ್ನೆ ತಟ್ಟಿ, ಹೆಸರು ಹಿಡಿದು ಕರೆದು, ಹೋಗುತ್ತಿದ್ದ ಉಸಿರನ್ನು ಹಿಡಿದು ನಿಲ್ಲಿಸಿದಳು. ನಾನು ಗಾಡಿ ಓಡಿಸಿದೆ, ಅಷ್ಟೆ. ಮಂಡ್ಯದ ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಕಣ್ಣು ಬಿಟ್ಟು ನನ್ನ ತೋಳು ಹಿಡಿದುಕೊಂಡಳು. ‘ಅಣ್ಣಾ, ಯಾರ್ಗೂ ಏಳ್ಬ್ಯಾಡಿ’ ಎಂದಳು. ‘ಏಳಲ್ಲ ಕಣವ್ವ’ ಎಂದೆ. ಬದುಕಿಕೊಂಡಳು. ಊರಿನಲ್ಲೂ ಕಾರ್ಖಾನೆಯಲ್ಲೂ ಊಟ ಒಗ್ಗದೆ ಹೊಟ್ಟೆ ಕೆಟ್ಟಿತ್ತು ಎಂದು ಹೇಳಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಳು. ಕೊಟ್ಟ ಮಾತಿನಂತೆ ನಾನು ನಿನಗೂ ಹೇಳಲಿಲ್ಲ, ಶ್ವೇತಳಿಗೂ ಹೇಳಲಿಲ್ಲ.

ಆ ದಿನ ವೇದಿಕೆಯ ಮೇಲೆ ನಮಗೆ ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಚಿತ್ರಾಳ ಪೇಟ ಹುಬ್ಬಿನ ತನಕ ಇಳಿದಿತ್ತು, ನಾನು ನಗು ತಡೆದುಕೊಂಡು ನಿಂತಿದ್ದೆ. ಅಲ್ಲಿಗೇ ಮುಗಿಸಿದ್ದರೆ ನಾನೂ ಸಂತೋಷವಾಗಿಯೇ ನಿನಗೆ ಫೋಟೋ ಕಳಿಸುತ್ತಿದ್ದೆ. ಅಷ್ಟರಲ್ಲಿ ಕೃಷ್ಣಪ್ರಸಾದ್ ಮೈಕ್ ಹಿಡಿದು, ‘ಈಗ ಒಂದು ಭಾವುಕ ಕ್ಷಣ’ ಎಂದರು. ಪಕ್ಕದ ಬಾಗಿಲಿನಿಂದ ಆರತಿ ತಟ್ಟೆ ಹಿಡಿದು ಒಬ್ಬಳು ಬಂದಳು. ಹೊಸ ಸೀರೆ ಉಟ್ಟು, ತಲೆತುಂಬ ಹೂ ಮುಡಿದು, ನಮ್ಮಿಬ್ಬರನ್ನು ನೋಡಿ ನಗುತ್ತಾ ಬಂದಳು ಅವ್ವಾ. ಅದೇ ಹುಡುಗಿ. ಜೀವ ಉಳಿಸಿದವರಿಗೆ ಸನ್ಮಾನ ಇದೆ, ಬಂದು ಆರತಿ ಮಾಡಿ ಹೋಗಿ ಎಂದು ಫೋನ್ ಮಾಡಿ ಕರೆಸಿಕೊಂಡಿದ್ದರಂತೆ. ನಮಗೆ ಒಂದು ಮಾತು ತಿಳಿಸಿರಲಿಲ್ಲ. ಅವಳು ನಮ್ಮ ಮೇಲಿನ ಪ್ರೀತಿಗೆ ಬಂದಿದ್ದಳು. ತಟ್ಟೆ ಎತ್ತುವಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಅಪ್ಪನ ಹೆಸರು, ಊರಿನ ಹೆಸರು, ಕೆಲಸ ಮಾಡುವ ಕಾರ್ಖಾನೆಯ ಹೆಸರು. ಆಮೇಲೆ, ವಿಷ ಕುಡಿದು ಸಾವಿನ ದವಡೆಗೆ ಹೋಗಿದ್ದ ಈ ಸಹೋದರಿಯನ್ನು ನಮ್ಮ ಸಿಬ್ಬಂದಿ ಹೇಗೆ ಉಳಿಸಿದರು ಎಂಬ ವರ್ಣನೆ. ಎದುರಿಗೆ ಅವಳ ಜೊತೆ ಹೊಲಿಯುವ ಹೆಣ್ಣುಮಕ್ಕಳೇ ಸಾಲಾಗಿ ಕೂತಿದ್ದಾರೆ. ಚಪ್ಪಾಳೆ ಬಂತು. ಅವ್ವಾ, ಚಪ್ಪಾಳೆ ಬಂತು! ಎಲ್ಲರೂ ಫೋನ್ ಎತ್ತಿ ಹಿಡಿದರು. ಅವಳು ನಗುವುದನ್ನು ಮರೆತು, ಅಳುವುದೂ ಗೊತ್ತಾಗದೆ, ಆ ತಟ್ಟೆ ಹಿಡಿದುಕೊಂಡು ಹಾಗೇ ನಿಂತಳು. ಮುಖ್ಯ ಅತಿಥಿ ಅವಳಿಗೆ ‘ಹಾಂ, ಬೆಳಗಮ್ಮ, ಬೆಳಗು’ ಎಂದರು.

ನನಗೆ ಏನು ಬಂತೋ ಗೊತ್ತಿಲ್ಲ. ತಟ್ಟೆ ತೆಗೆದುಕೊಂಡು ಚಿತ್ರಾಳ ಕೈಗೆ ಕೊಟ್ಟು, ಕೃಷ್ಣಪ್ರಸಾದರ ಕೈಯಿಂದ ಮೈಕ್ ಕಿತ್ತುಕೊಂಡೆ. ನೀನು ಸುಳ್ಳು ಹೇಳಬೇಡ ಎಂದು ಬೆಳೆಸಿದ ಮಗ, ಅಷ್ಟು ಜನರ ಮುಂದೆ ಪೇಟ ಇಟ್ಟುಕೊಂಡು ಸುಳ್ಳು ಹೇಳಿದೆ. ‘ಸಾಹೇಬರು ಬೇರೆ ಯಾರದೋ ಕೇಸು ಓದಿದ್ದಾರೆ. ಈ ಮಗು ವಿಷ ಗಿಷ ಏನೂ ಕುಡಿದಿಲ್ಲ. ಕ್ಯಾಂಟೀನ್ ಊಟ ಕೆಟ್ಟು ವಾಂತಿಯಾಗಿತ್ತು. ಗಾಡಿ ಓಡಿಸಿದವನು ನಾನು, ನನಗೆ ಗೊತ್ತು’ ಎಂದೆ. ಚಿತ್ರಾ ತಕ್ಷಣ, ‘ಹೌದು, ಊಟದ್ದೇ ತೊಂದರೆ’ ಎಂದು ದನಿ ಸೇರಿಸಿದಳು. ಊಟ ಹಾಕಿಸುತ್ತಿದ್ದವರ ಎದುರಿಗೇ ಅವರ ಊಟಕ್ಕೆ ಹೆಸರಿಟ್ಟೆ ಎನ್ನುವುದು ನನಗೆ ಹೊಳೆದದ್ದು ಗಾರ್ಮೆಂಟ್ಸಿನ ಮ್ಯಾನೇಜರ್ ಎದ್ದು ನಿಂತ ಮೇಲೆ. ಚಿತ್ರಾ ತನ್ನ ಶಾಲು ತೆಗೆದು ಹುಡುಗಿಗೆ ಹೊದಿಸಿ ಕೆಳಗೆ ಕರೆದುಕೊಂಡು ಹೋದಳು.

ವೇದಿಕೆಯ ಹಿಂದೆ ಕೃಷ್ಣಪ್ರಸಾದ್ ನನ್ನನ್ನು ಹಿಡಿದುಕೊಂಡರು. ‘ಏನ್ರೀ ಇದು? ಕಾರ್ಯಕ್ರಮಕ್ಕೆ ಒಂದು ಟಚ್ ಇರಲಿ ಅಂತ ಮಾಡಿದ್ದು. ಬದುಕಿದ್ದಾಳಲ್ರೀ, ಅದರಲ್ಲಿ ನಾಚಿಕೆ ಏನು ಬಂತು?’ ಎಂದರು. ನಾಚಿಕೆ ಇಲ್ಲದವನು ನಾಚಿಕೆ ಏನು ಎಂದು ಕೇಳುತ್ತಾನೆ! ಅವರಿಗೆ ಆ ಹುಡುಗಿ ಹಣ್ಣಿನ ಬುಟ್ಟಿಯ ಹಾಗೆ, ವೇದಿಕೆ ತುಂಬಲು ತರಿಸಿದ ಇನ್ನೊಂದು ಸಾಮಾನು. ಉಗಿಯಬೇಕು ಎನಿಸಿತು. ನೀನು ನೆನಪಾಗಿ ನುಂಗಿಕೊಂಡೆ.

ನನ್ನ ಸುಳ್ಳನ್ನು ಅರ್ಧ ಜನ ನಂಬಿದರು, ಇನ್ನರ್ಧ ಜನ ವಿಡಿಯೋ ಹಂಚಿದರು. ಮಾರನೆಯ ದಿನ ಗಾರ್ಮೆಂಟ್ಸಿನವರು ಅವಳನ್ನು ಕರೆಸಿ, ಕ್ಯಾಂಟೀನ್ ಊಟದಲ್ಲಿ ಯಾವ ದೋಷವೂ ಇಲ್ಲ, ನಾನೇ ವಿಷ ಕುಡಿದಿದ್ದೆ ಎಂದು ಬರೆದು ಸಹಿ ಹಾಕು ಎಂದರಂತೆ. ಹಾಕದೆ ಎದ್ದು ಊರಿಗೆ ಹೋದಳು. ಅಲ್ಲಿ ಅವಳ ಅಣ್ಣ ಬಾಗಿಲಿಗೆ ಅಡ್ಡ ನಿಂತು, ‘ಮಾನ ಕಳ್ದೆಯಲ್ಲ, ಒಳೀಕ್ ಬರ್ಬ್ಯಾಡ’ ಎಂದನಂತೆ. ಅವಳ ಅವ್ವ ಹಿಂದೆ ನಿಂತು ಅಳುತ್ತಿದ್ದಳಂತೆ, ಅತ್ತಳೇ ಹೊರತು ಬಾ ಎನ್ನಲಿಲ್ಲ. ಬಸ್ಸು ಹತ್ತಿ ಮದ್ದೂರಿಗೆ ಬಂದು, ಆಂಬ್ಯುಲೆನ್ಸ್ ನಿಲ್ಲುವ ಕಡೆ ನಮ್ಮನ್ನು ಹುಡುಕಿದಳು. ಚಿತ್ರಾ ಅವಳನ್ನು ನಮ್ಮ ಮನೆಗೆ ಕರೆತಂದಳು. ಶ್ವೇತ ಯಾರು, ಏನು ಎಂದು ಕೇಳದೆ ತಟ್ಟೆ ಹಾಕಿದಳು. ರಾತ್ರಿ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾಳೆ. ಚಿತ್ರಾ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ ಬಂದಳು. ಒಂಟಿಯಾಗಿ ಬಿಡಬೇಡಿ, ಕೈಗೆ ಕೆಲಸವಿರಲಿ, ಸುತ್ತ ಮನೆಜನ ಇರಲಿ, ಮತ್ತೆ ಕರೆತನ್ನಿ ಎಂದಿದ್ದಾರೆ. ಆದರೆ ಆ ಹಾಳು ವಿಡಿಯೋ ನಮ್ಮ ಬೀದಿಗೂ ಬಂದಿದೆ. ಮೊಸರು ಕೇಳುವ ನೆಪದಲ್ಲಿ ಬಂದು ಬಗ್ಗಿ ನೋಡಿ ಹೋಗುತ್ತಾರೆ. ಅವಳು ಕೊಟ್ಟಿಗೆಯಿಂದ ಈಚೆಗೆ ಬರುವುದನ್ನೇ ನಿಲ್ಲಿಸಿದ್ದಾಳೆ. ಹೀಗೇ ಆದರೆ ಆವತ್ತು ಉಳಿಸಿದ್ದನ್ನು ಇವರೆಲ್ಲ ಸೇರಿ ಕಳೆದುಬಿಡುತ್ತಾರೆ ಎಂದು ನನಗೆ ಹೆದರಿಕೆ ಅವ್ವಾ.

ನನ್ನ ಸುಳ್ಳಿನಿಂದ ಅನ್ಯಾಯವಾದದ್ದು ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಚಿಕ್ಕಬೋರಮ್ಮನಿಗೆ. ಮನೆಗೆ ಹೋಗಿ ಕೈ ಮುಗಿದು ತಪ್ಪಾಯಿತು ಎಂದೆ. ‘ಓಗ್ಲಿ ಬುಡಪ್ಪ, ನನ್ ಸಾರ್ನ ಬಯ್ಯೋರು ನೀನೊಬ್ನೇಯಾ? ಆ ಮಗೀಗ್ ಒಳ್ಳೇದಾಗ್ಲಿ’ ಎಂದು ಕಾಫಿ ಕೊಟ್ಟು ಕಳಿಸಿದಳು. ಇಷ್ಟರಲ್ಲಿ ನನಗೆ ಒಳ್ಳೆಯದು ಎನಿಸಿದ್ದು ಅದೊಂದೇ ಕಾಫಿ.

ನನ್ನ ವಿಷಯಕ್ಕೆ ಬಂದರೆ, ಗಾಡಿಯ ಕೀಲಿ ಇಸಿದುಕೊಂಡಿದ್ದಾರೆ. ಮೈಕಿನಲ್ಲಿ ಹೇಳಿದ್ದು ಸುಳ್ಳು, ನಡೆದದ್ದು ಇದು ಎಂದು ಅವಳ ಹೆಸರು ಸಮೇತ ಬರೆದು ಕ್ಷಮೆ ಕೇಳಿದರೆ ಕೀಲಿ ವಾಪಸ್ಸು ಕೊಡುತ್ತಾರಂತೆ. ಬರೆದುಕೊಟ್ಟಿಲ್ಲ, ಕೊಡುವುದೂ ಇಲ್ಲ. ಚಿತ್ರಾಳೂ ಕೊಟ್ಟಿಲ್ಲ. ಪೇಟ, ಶಾಲು ಎರಡನ್ನೂ ಕೃಷ್ಣಪ್ರಸಾದರ ಮೇಜಿನ ಮೇಲೆ ಇಟ್ಟು ಬಂದೆ. ಹಣ್ಣು ಮಾತ್ರ ನಿನ್ನ ಹಸು ತಿಂದಿತು. ಪೈಲಟ್ ಕೆಲಸ ಹೋಯಿತು ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡ. ಸ್ಟೇರಿಂಗ್ ಹಿಡಿಯಲು ಬರುವವನಿಗೆ ಮದ್ದೂರಿನಲ್ಲಿ ಗಾಡಿಗೆ ಬರವಿಲ್ಲ. ಆದರೆ ಸೈರನ್ ಕೇಳಿದಾಗ ಕಾಲು ತಾನಾಗಿ ಏಳುತ್ತದೆ, ಸುಳ್ಳೇಕೆ ಹೇಳಲಿ.

ಮಾತ್ರೆ ಮರೆಯಬೇಡ. ಅಳಿಯಂದಿರಿಗೆ ನನ್ನ ನಮಸ್ಕಾರ. ರಂಜಿತಳಿಗೆ ಖಾರ ತಿನ್ನಲು ಹೇಳು. ಕೂಸಿನ ಮೂಗಿಗೆ ನನ್ನ ಕಡೆಯಿಂದ ಒಂದು ಮುತ್ತು. ಮಾಡಿದ್ದು ಸರಿ ಎನಿಸಿದರೆ ಹರಸು, ತಪ್ಪೆನಿಸಿದರೆ ಬಂದ ಮೇಲೆ ಬಯ್ಯಿ.

ನಿನ್ನ ಮಗ,
ಜಯಪ್ರಕಾಶ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಈ ಕಾಗದ ಕೊಟ್ಟು ಬಾಗಿಲಲ್ಲಿ ನಿಂತಿದ್ದಾಳಲ್ಲ, ಅವಳೇ ಆ ಹುಡುಗಿ. ನೀನು ಕೂಡಿಸಿ ಕೂಡಿಸಿ ಇಷ್ಟು ಓದುವ ತನಕ ಹೊರಗೇ ನಿಲ್ಲಿಸಿದ್ದರೆ ಮೊದಲು ಎದ್ದು ಒಳಗೆ ಕರೆ. ಚಿತ್ರಾ ರಸ್ತೆಯಲ್ಲಿ ನಿಂತಿದ್ದಾಳೆ, ನೀನು ಕರೆದುಕೊಂಡದ್ದನ್ನು ಕಣ್ಣಾರೆ ನೋಡಿಯೇ ಅವಳು ಹೊರಡುವುದು. ಇದನ್ನೆಲ್ಲ ಬರೆಯಲೇ ಎಂದು ಮೊದಲು ಆ ಹುಡುಗಿಯನ್ನು ಕೇಳಿದೆ. ‘ನಿಮ್ಮವ್ವಂಗ್ ಗೊತ್ತಾಗ್ಲಿ ಅಣ್ಣಾ, ಬ್ಯಾರೆ ಯಾರ್ಗೂ ಬ್ಯಾಡ’ ಎಂದಳು. ಕೇಳಿದವರಿಗೆ ಸೊಸೆಯ ಕಡೆಯವಳು, ಬಾಣಂತನಕ್ಕೆ ಕೈಯಾಸರೆಗೆ ಬಂದಿದ್ದಾಳೆ ಎನ್ನು. ಇನ್ನೊಂದು ಸುಳ್ಳು, ಇದು ನಿನ್ನ ಪಾಲಿಗೆ. ಒಂಟಿಯಾಗಿ ಬಿಡಬೇಡ, ಕೂಸನ್ನು ಅವಳ ಕೈಗೆ ಕೊಡು. ಅವಳ ಮಾತು ಮೆಲ್ಲಗೆ, ಕೇಳಿಸದಿದ್ದರೆ ಹತ್ತಿರ ಹೋಗಿ ಕೇಳಿಸಿಕೋ, ‘ಆಂ’ ಎಂದು ಕೂಗಬೇಡ. ಹೆಸರು ನಾನು ಬರೆದಿಲ್ಲ, ನೀನೂ ಕೇಳಬೇಡ, ಹೇಳಬೇಕು ಎನಿಸಿದ ದಿನ ಅವಳೇ ಹೇಳುತ್ತಾಳೆ. ಅಲ್ಲಿಯವರೆಗೆ ಮಗಾ ಎಂದು ಕರೆ.