ಸೊಟ್ಟ ಕಿರುಬೆರಳು

ಅಮ್ಮಾ,

ಇವತ್ತು ಅಪ್ಪನ ಚಿತ್ರಪ್ರದರ್ಶನ ಶುರುವಾಯಿತು. ಹೆಸರು ‘ಹೆಣ್ಣಿನ ಬಿಡುಗಡೆ’. ನಗಬೇಡ. ನೀನು ತೀರಿಹೋಗಿ ಒಂಬತ್ತು ತಿಂಗಳಾಯಿತು, ಈಗ ಅವರ ಬಾಯಲ್ಲಿ ಸ್ತ್ರೀವಾದ ಬಿಟ್ಟರೆ ಬೇರೆ ಮಾತಿಲ್ಲ.

ಮುಖ ಬರೆಯುವುದಷ್ಟೇ ಅವರಿಗೆ ಬರುತ್ತಿತ್ತು. ಕೈ ಬರೆಯಲು ಹೋದರೆ ಬದನೆಕಾಯಿ ಗೊಂಚಲಾಗುತ್ತಿತ್ತು. ಅದಕ್ಕೇ ಎಲ್ಲ ಚಿತ್ರಗಳ ಕೈಗಳನ್ನೂ ನೀನು ಅಡುಗೆಮನೆಯಲ್ಲಿ ಕೂತು, ನಿನ್ನ ಎಡಗೈಯನ್ನೇ ನೋಡಿಕೊಂಡು ಬರೆದುಕೊಟ್ಟೆ. ಹಾಗಾಗಿ ಅಲ್ಲಿರುವ ರಾಣಿಗೂ ದಾದಿಗೂ ನಿನ್ನದೇ ಸೊಟ್ಟ ಕಿರುಬೆರಳು.

ವಿಮರ್ಶಕರೊಬ್ಬರು ಅದನ್ನೇ ತೋರಿಸಿ, “ಸಾರ್, ಈ ಬೆರಳಲ್ಲಿ ಇಡೀ ಹೆಣ್ಣುಕುಲದ ನೋವಿದೆ. ಹೇಗೆ ಹೊಳೀತು?” ಎಂದು ಕೇಳಿದರು.

“ನಲವತ್ತು ವರ್ಷದ ತಪಸ್ಸು ಕಣ್ರೀ,” ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡು. “ನನ್ನ ಹೆಂಡತಿ ಪಾಪ, ಕುಂಚ ಮುಟ್ಟಿದವಳಲ್ಲ. ಆದ್ರೆ ಹೊತ್ತುಹೊತ್ತಿಗೆ ಟೀ ತಂದಿಡ್ತಿದ್ಳು.”

ಸಭೆ ಚಪ್ಪಾಳೆ ತಟ್ಟಿತು. ಎಂಥ ಗಂಡಸು, ಎಂಥ ಸಭೆ! ಅಪ್ಪ ಮುಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿ, “ಅಲ್ವೇನಮ್ಮಾ?” ಎಂದರು.

“ಹೌದಪ್ಪಾ,” ಎಂದೆ.

ಪಕ್ಕದ ಹೆಂಗಸು ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೂ ನಿನ್ನದೇ ಕಿರುಬೆರಳು ಬಂದಿದೆಯಲ್ಲ, ಚೀಲದ ಕೆಳಗೆ ಮುಚ್ಚಿಟ್ಟುಕೊಂಡೆ.