ಅಮ್ಮಿಯ ರೋಜಾ

ಅಬ್ಬಾ,

ಇವತ್ತು ಅಮ್ಮಿ ಮತ್ತೆ ರಂಜಾನಿನ ರೋಜಾ ಹಿಡಿದಳು. ಮರೆವಿನ ಕಾಯಿಲೆಯವರಿಗೆ ಉಪವಾಸ ಬೇಕಿಲ್ಲ ಎಂದರೆ, "ನೀನು ಯಾವಾಗಿಂದ ಮೌಲ್ವಿ ಆದೆ?" ಎಂದು ನನ್ನ ಬಾಯಿ ಮುಚ್ಚಿಸಿದಳು. ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತಿದ್ದಳು. ನಾನು ಕಂಡರೂ ಕಾಣದ ಹಾಗೆ ಹೊಲಿಗೆ ಯಂತ್ರ ತುಳಿಯುತ್ತ ಕುಳಿತೆ. ಮರೆತು ತಿಂದರೆ ರೋಜಾ ಮುರಿಯದು, ಅದು ಅಲ್ಲಾಹನೇ ಉಣಿಸಿದ್ದು ಎಂದು ನೀವೇ ಹೇಳಿಕೊಟ್ಟದ್ದಲ್ಲವೇ?

ಸಂಜೆ ರೋಜಾ ಬಿಡುವ ಬಾಂಗು ಕೇಳಿತು. ನಿಮ್ಮದೂ ಸೇರಿಸಿ ಮೂರು ತಟ್ಟೆಗೆ ಖರ್ಜೂರ ಹಾಕಿಟ್ಟಿದ್ದಳು. ನೀರು ಕೊಟ್ಟರೆ ಲೋಟ ಸರಿಸಿದಳು.

"ನಿಮ್ಮಬ್ಬಾ ಮಸೀದಿಯಿಂದ ಬರ್ಲಿ, ತಡಿ."

ನೀವು ತೀರಿಹೋದದ್ದನ್ನು ನಿನ್ನೆ ಹೇಳಿ ನೋಡಿದ್ದೆ. ಆಗಷ್ಟೇ ಸುದ್ದಿ ಬಂದವಳಂತೆ ಎದೆ ಬಡಿದುಕೊಂಡು ಅತ್ತಳು. ಇವತ್ತು ಹೇಳಲು ಬಾಯಿ ಬರಲಿಲ್ಲ.

"ಬರ್ತಾರಮ್ಮಿ, ನೀ ಒಂದು ಗುಟುಕು ಕುಡಿ" ಎಂದೆ. ನಾನೂ ಇನ್ನೂ ರೋಜಾ ಬಿಟ್ಟಿರಲಿಲ್ಲ. ಉಪವಾಸದ ಬಾಯಲ್ಲೇ ಸುಳ್ಳು.

ಕತ್ತಲಾಗಿದೆ. ತುಟಿ ಒಣಗಿದರೂ ಬಾಗಿಲು ನೋಡುತ್ತ ಕುಳಿತಿದ್ದಾಳೆ. ಮರೆತು ತಿಂದರೆ ಏನೂ ಆಗದು ಎಂದು ಹೇಳಿಕೊಟ್ಟಿರಿ. ಮರೆತು ಕಾಯುವವರ ಬಾಯಿಗೆ ನೀರು ಹಾಕುವುದು ಹೇಗೆಂದು ಹೇಳಿಕೊಡದೆ ಹೋದಿರಿ.